ನಮ್ಮ ದೇಹದ ಹುರಿಗಳು

ನಮ್ಮ ಸ್ನೇಹಿತರೊಬ್ಬರು ಕಚೇರಿಯ ಕೆಲಸದವರು; ವಯಸ್ಸು ನಲವತ್ತೆರಡು. ವಾರದಲ್ಲಿ ಆರು ದಿನ ಕುರ್ಚಿಯ ಮೇಲೆ ಕುಳಿತು, ಏಳನೆಯ ದಿನ ಬಾಲ್ ಬ್ಯಾಡ್ಮಿಂಟನ್ ಆಡುವುದು ಅವರ ವಾಡಿಕೆ. ಒಂದು ಭಾನುವಾರ ಬೆಳಗ್ಗೆ ಅವರು ಚೆಂಡನ್ನು ಎತ್ತಿ ಹೊಡೆಯಲು ಮುಂದಕ್ಕೆ ನುಗ್ಗಿದಾಗ, ಹಿಂದಿನಿಂದ ಯಾರೋ ಹಿಮ್ಮಡಿಯ ಮೇಲುಗಡೆ ಬಲವಾಗಿ ಒದ್ದಂತಾಯಿತು. ‘ಟಪ್’ ಎಂಬ ಸದ್ದೂ ಕೇಳಿಸಿತು. ಸಿಟ್ಟಿನಿಂದ ಹಿಂದಿರುಗಿ ನೋಡಿದರು; ಹಿಂದೆ ಯಾರೂ ಇರಲಿಲ್ಲ.

ಕುಂಟುತ್ತ ಮನೆಗೆ ಬಂದರು. ಮನೆಯವರೆಲ್ಲರ ತೀರ್ಪೂ ಒಂದೇ ಆಯಿತು: “ನರ ಸೆಳೆದಿದೆ; ಎಣ್ಣೆ ಹಚ್ಚಿ ನೀವಿ ಬಿಸಿನೀರು ಹಾಕಿದರೆ ಸರಿಹೋಗುತ್ತದೆ.” ಕಾಲ್ಬೆರಳುಗಳು ಆಡುತ್ತಿದ್ದುವು, ಹೇಗೋ ಹೆಜ್ಜೆಯಿಡಬಹುದಾಗಿತ್ತು, ನೋವು ದಿನದಿನಕ್ಕೆ ಕಡಮೆಯಾಯಿತು. ಆದರೆ ಮೂರು ವಾರಗಳಾದರೂ ಆ ಕಾಲಿನ ತುದಿಬೆರಳ ಮೇಲೆ ನಿಲ್ಲಲು ಆಗಲಿಲ್ಲ. ಆಗ ವೈದ್ಯರಲ್ಲಿಗೆ ಹೋದರು. ವೈದ್ಯರು ಅವರನ್ನು ಬೋರಲಾಗಿ ಮಲಗಿಸಿ, ಪಾದಗಳು ಮಂಚದ ಅಂಚಿನಿಂದ ಹೊರಗಿರುವಂತೆ ಮಾಡಿ, ಮೀನಖಂಡವನ್ನು ಕೈಯಿಂದ ಹಿಂಡಿದರು. ಒಳ್ಳೆಯ ಕಾಲಿನ ಪಾದವು ಕೆಳಕ್ಕೆ ಬಾಗಿತು. ಮತ್ತೊಂದು ಅಲುಗಲೇ ಇಲ್ಲ. ಸೆಳೆದದ್ದಲ್ಲ, ಪೂರ್ತಿಯಾಗಿ ಹರಿದಿತ್ತು. ಹರಿದದ್ದು ನರವೂ ಅಲ್ಲ. ಅದೇನು, ಅದು ಏಕೆ ಹರಿಯುತ್ತದೆ, ಹರಿದದ್ದು ಹೇಗೆ ಮತ್ತೆ ಕೂಡಿಕೊಳ್ಳುತ್ತದೆ ಎಂಬುದೇ ನಮ್ಮ ಈ ಹೊತ್ತಿನ ವಿಷಯ.

ಮೊದಲು ಹೆಸರಿನ ಗೊಂದಲವನ್ನು ಬಿಡಿಸಿಕೊಳ್ಳೋಣ. ನಮ್ಮ ಆಡುಮಾತಿನಲ್ಲಿ ‘ನರ’ ಎಂಬ ಒಂದೇ ಮಾತು ಮೂರು ಬೇರೆ ಬೇರೆ ವಸ್ತುಗಳಿಗೆ ಸಲ್ಲುತ್ತದೆ. ಮುಂಗೈಯ ಮೇಲೆ ನೀಲಿಯಾಗಿ ಕಾಣುವ ರಕ್ತನಾಳವೂ ನರ. ಮಿದುಳಿನಿಂದ ಸುದ್ದಿಯನ್ನು ಒಯ್ಯುವ ತಂತುವೂ ನರ. ಹಿಮ್ಮಡಿಯ ಹಿಂದೆ ಬೆರಳಿಗೆ ಗಟ್ಟಿಯಾಗಿ ಸಿಕ್ಕುವ ಹುರಿಯೂ ನರ. ಇದು ನಮ್ಮಲ್ಲಿ ಮಾತ್ರ ಇರುವ ದೋಷವಲ್ಲ. ಹಳೆಯ ಗ್ರೀಕರು ಸಹ ‘ನ್ಯೂರಾನ್’ ಎಂಬ ಮಾತನ್ನು ಮೊದಲು ಹುರಿಗೆ ಬಳಸಿ, ಆಮೇಲೆ ಸುದ್ದಿಯ ತಂತುವಿಗೂ ಅದನ್ನೇ ಅಂಟಿಸಿದರು. ನಮ್ಮ ದೇಶದ ಶಸ್ತ್ರವೈದ್ಯಶಾಸ್ತ್ರದಲ್ಲಿ ಮಾತ್ರ ಇದಕ್ಕೆ ಬೇರೆ ಹೆಸರಿದ್ದಿತು. ಸುಶ್ರುತಸಂಹಿತೆಯು ದೇಹದಲ್ಲಿ ಹದಿನಾರು ದೊಡ್ಡ ‘ಕಂಡರ’ಗಳನ್ನು ಎಣಿಸುತ್ತದೆ. ಈಗ ನಮ್ಮ ಪಠ್ಯಪುಸ್ತಕಗಳಲ್ಲಿ ನಡೆಯುತ್ತಿರುವ ಹೆಸರು ‘ಸ್ನಾಯುರಜ್ಜು’. ಮಾಂಸಖಂಡವನ್ನು ಮೂಳೆಗೆ ಕಟ್ಟಿದ ಹಗ್ಗ ಎಂದು ಇದರ ಅರ್ಥ. ಇನ್ನು ಮುಂದೆ ನಾವು ಇದನ್ನು ರಜ್ಜು ಎಂದೇ ಕರೆಯೋಣ.

ರಜ್ಜುವಿನ ಕೆಲಸವನ್ನು ತಿಳಿಯಲು ಉಪಕರಣಗಳೇನೂ ಬೇಡ. ಕುಳಿತಲ್ಲಿಯೇ ಪರೀಕ್ಷೆ ಮಾಡಬಹುದು. ಎಡಗೈಯಿಂದ ಬಲಗೈಯ ಮೊಳಕೈಗಿಂತ ಸ್ವಲ್ಪ ಕೆಳಗೆ ಹಿಡಿದುಕೊಂಡು, ಬಲಗೈಯ ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿ. ಬೆರಳು ಆಡುವುದು ಇಲ್ಲಿ. ಮಾಂಸ ಉಬ್ಬಿ ಇಳಿಯುವುದು ಅಲ್ಲಿ. ಬೆರಳುಗಳನ್ನು ಮಡಿಸುವ ಮಾಂಸಖಂಡವು ಬೆರಳುಗಳಲ್ಲಿ ಇಲ್ಲವೇ ಇಲ್ಲ. ಅದು ಮೊಳಕೈಯ ಬಳಿಯಿದ್ದು, ಉದ್ದವಾದ ರಜ್ಜುಗಳ ಮೂಲಕ ಬೆರಳ ತುದಿಯನ್ನು ಎಳೆಯುತ್ತದೆ. ಸೂತ್ರದ ಬೊಂಬೆಯಾಟದಲ್ಲಿ ತೆರೆಯ ಹಿಂದಿರುವ ಆಟಗಾರನು ದಾರಗಳನ್ನು ಎಳೆದು ಬೊಂಬೆಯನ್ನು ಕುಣಿಸುವಂತೆಯೇ ಇದು. ಹೀಗಿಲ್ಲದೆ ಅಷ್ಟು ಮಾಂಸವೆಲ್ಲ ಬೆರಳುಗಳಲ್ಲಿಯೇ ತುಂಬಿದ್ದರೆ, ವೀಣೆಯ ತಂತಿಯನ್ನು ಮೀಟುವುದಾಗಲಿ ಸೂಜಿಗೆ ದಾರವನ್ನು ಪೋಣಿಸುವುದಾಗಲಿ ನಮ್ಮಿಂದ ಆಗುತ್ತಿರಲಿಲ್ಲ.

ಇನ್ನೊಂದು ಪರೀಕ್ಷೆ. ನಡುಬೆರಳನ್ನು ಅಂಗೈಯೊಳಕ್ಕೆ ಮಡಿಸಿ, ಉಳಿದ ಬೆರಳುಗಳ ತುದಿಗಳನ್ನು ಮೇಜಿನ ಮೇಲೆ ಊರಿಕೊಳ್ಳಿ. ಈಗ ಒಂದೊಂದೇ ಬೆರಳನ್ನು ಎತ್ತಿ ನೋಡಿ. ಉಂಗುರ ಬೆರಳಿನ ಸರದಿ ಬಂದಾಗ ಅದು ಮೇಜಿಗೆ ಅಂಟಿಕೊಂಡಂತೆ ನಿಂತುಬಿಡುತ್ತದೆ. ಕಾರಣವಿಷ್ಟೆ: ಕೈಯ ಹಿಂಬದಿಯಲ್ಲಿ ಈ ಎರಡು ಬೆರಳುಗಳ ರಜ್ಜುಗಳಿಗೆ ಒಂದರೊಡನೊಂದು ಅಡ್ಡಕಟ್ಟುಗಳಿವೆ. ನಡುಬೆರಳನ್ನು ಮಡಿಸಿದಾಗ ಅದರ ರಜ್ಜು ಕೆಳಕ್ಕೆಳೆದು, ನೆರೆಯದನ್ನೂ ಹಿಡಿದಿಟ್ಟುಕೊಳ್ಳುತ್ತದೆ.

ಇನ್ನು ರಚನೆಯ ವಿಚಾರ. ರಜ್ಜುವನ್ನು ಹಗ್ಗವೆಂದು ಕರೆಯುವುದು ಬರಿಯ ಉಪಮೆಯಲ್ಲ. ಅದು ನಿಜವಾಗಿಯೂ ಹೊಸೆದ ಹಗ್ಗ. ಅದರ ನೀರನ್ನು ಕಳೆದರೆ ಉಳಿಯುವುದರಲ್ಲಿ ಹೆಚ್ಚಿನ ಪಾಲು ಕೊಲಾಜೆನ್ ಎಂಬ ಸಸಾರಜನಕ ಪದಾರ್ಥ. ಈ ಕೊಲಾಜೆನ್ನಿನ ಒಳಗಟ್ಟನ್ನು ಕಂಡುಹಿಡಿದ ಕೀರ್ತಿಯಲ್ಲಿ ನಮ್ಮ ದೇಶಕ್ಕೆ ದೊಡ್ಡ ಪಾಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನಮಂದಿರದಲ್ಲಿ ಸರ್ ಸಿ. ವಿ. ರಾಮನ್ ಅವರ ಶಿಷ್ಯರಾಗಿದ್ದ ಜಿ. ಎನ್. ರಾಮಚಂದ್ರನ್ ಅವರು, ೧೯೫೪ರಲ್ಲಿ ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದಾಗ, ಗೋಪಿನಾಥ ಕರ್ತಾ ಅವರೊಡನೆ ಸೇರಿ ಇದರ ರಚನೆಯನ್ನು ಪ್ರಕಟಿಸಿದರು; ೧೯೫೫ರಲ್ಲಿ ಅದನ್ನು ಇನ್ನಷ್ಟು ತಿದ್ದಿದರು. ಅವರಿಗೆ ನೆರವಾದ ಕ್ಷ-ಕಿರಣ ಚಿತ್ರಗಳು ಕಾಂಗರೂ ಪ್ರಾಣಿಯ ಬಾಲದ ರಜ್ಜುವಿನವು. ಮೂರು ಸರಪಣಿಗಳು ಒಂದನ್ನೊಂದು ಸುತ್ತಿಕೊಂಡು ಒಂದು ಅಣುವಾಗಿವೆ ಎಂಬುದು ಅವರ ಸಿದ್ಧಾಂತ. ಒಂದೊಂದು ಸರಪಣಿಯಲ್ಲಿಯೂ ಸುಮಾರು ಸಾವಿರ ಕೊಂಡಿಗಳು. ಪ್ರತಿ ಮೂರನೆಯ ಕೊಂಡಿಯೂ ಗ್ಲೈಸಿನ್ ಎಂಬ, ಎಲ್ಲಕ್ಕಿಂತ ಚಿಕ್ಕದಾದ ಅಮೈನೋ ಆಮ್ಲ. ಹುರಿಯ ಒಳಮಗ್ಗುಲಿನ ಇಕ್ಕಟ್ಟಿನಲ್ಲಿ ಬೇರೆ ಯಾವುದಕ್ಕೂ ಎಡೆಯಿಲ್ಲ.

ಹಗ್ಗ ಹೊಸೆಯುವುದನ್ನು ಕಂಡವರಿಗೆ ಇಲ್ಲೊಂದು ಸೋಜಿಗವಿದೆ. ಹೊಸೆಯುವವನು ಒಂದೊಂದು ಎಳೆಯನ್ನೂ ಒಂದು ದಿಕ್ಕಿಗೆ ತಿರುಚಿ, ಮೂರನ್ನು ಕೂಡಿಸುವಾಗ ಎದುರು ದಿಕ್ಕಿಗೆ ತಿರುಚುತ್ತಾನೆ. ಹಾಗೆ ಮಾಡಿದರೆ ಮಾತ್ರ ಹಗ್ಗವು ತಾನಾಗಿ ಬಿಚ್ಚಿಕೊಳ್ಳದು. ಕೊಲಾಜೆನ್ನಿನಲ್ಲಿಯೂ ಹಾಗೆಯೇ: ಒಂದೊಂದು ಸರಪಣಿಯ ತಿರುಚು ಎಡಕ್ಕೆ, ಮೂರೂ ಕೂಡಿದ ಹುರಿಯ ತಿರುಚು ಬಲಕ್ಕೆ. ಇಂತಹ ಅಣುವಿನ ದಪ್ಪವನ್ನು ಒಂದು ಅಂಗುಲಕ್ಕೆ ಹಿಗ್ಗಿಸಿದೆವೆಂದು ಭಾವಿಸಿದರೆ, ಅದರ ಉದ್ದ ಸುಮಾರು ೨೦೦ ಅಂಗುಲವಾದೀತು. ಅಣುಗಳು ಸಾಲುಗೂಡಿ ಸೂಕ್ಷ್ಮವಾದ ಎಳೆಯಾಗುತ್ತವೆ. ಎಳೆಗಳು ಸೇರಿ ನಾರು, ನಾರುಗಳು ಸೇರಿ ಕಟ್ಟು, ಕಟ್ಟುಗಳು ಸೇರಿ ರಜ್ಜು. ಪ್ರತಿಯೊಂದು ಕಟ್ಟಿಗೂ ತೆಳುವಾದ ಒಂದು ಹೊದಿಕೆ. ಈ ಹೊದಿಕೆಗಳ ನಡುವೆ ಸಣ್ಣ ರಕ್ತನಾಳಗಳೂ ನರತಂತುಗಳೂ ಹಾದುಹೋಗುತ್ತವೆ. ನಾರುಗಳ ನಡುವೆ ಅಲ್ಲಲ್ಲಿ ಜೀವಕೋಶಗಳು ಸಾಲಾಗಿ ಕುಳಿತಿವೆ. ಹಗ್ಗವನ್ನು ಹೊಸೆದವು ಅವೇ, ರಿಪೇರಿ ಮಾಡತಕ್ಕವೂ ಅವೇ.

ಬಿಡುವಾಗಿರುವ ರಜ್ಜುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅದರ ನಾರುಗಳು ನೀರಿನ ತೆರೆಗಳಂತೆ ಅಂಕುಡೊಂಕಾಗಿ ಕಾಣುತ್ತವೆ. ಎಳೆತ ಬಿದ್ದಾಗ ಮೊದಲು ಈ ಡೊಂಕುಗಳು ನೇರವಾಗುತ್ತವೆ. ಉದ್ದವು ನೂರಕ್ಕೆ ಎರಡು ಪಾಲಿನಷ್ಟು ಹೆಚ್ಚುವವರೆಗೆ ನಾರಿಗೆ ಶ್ರಮವೇ ಇಲ್ಲ. ಅಲ್ಲಿಂದ ಮುಂದೆ ನಾರೇ ಹಿಗ್ಗಬೇಕು. ನೂರಕ್ಕೆ ನಾಲ್ಕನ್ನು ದಾಟಿದರೆ ಅಲ್ಲೊಂದು ಇಲ್ಲೊಂದು ನಾರು ಹರಿಯತೊಡಗುತ್ತದೆ. ಎಂಟರ ಹತ್ತಿರಕ್ಕೆ ಬಂದರೆ ಹಗ್ಗವೇ ಕಡಿದುಹೋಗುತ್ತದೆ. ಪರೀಕ್ಷಾಲಯಗಳ ಸಾಮಾನ್ಯವಾದ ಲೆಕ್ಕ ಇದು. ಸುಖಕ್ಕೂ ಅಪಾಯಕ್ಕೂ ನಡುವಣ ಅಂತರ ಎಷ್ಟು ಕಿರಿದೆಂಬುದನ್ನು ಗಮನಿಸಬೇಕು.

ಆದರೂ ಈ ಕಿರಿದಾದ ಎಡೆಯಲ್ಲಿ ರಜ್ಜು ಹೊರುವ ಭಾರ ಅಲ್ಪವಲ್ಲ. ಹಿಮ್ಮಡಿಯ ರಜ್ಜು ದೇಹದ ರಜ್ಜುಗಳಲ್ಲೆಲ್ಲ ದಪ್ಪನಾದುದು. ೧೬೯೩ರಲ್ಲಿ ವೆರ್‌ಹೇಯನ್ ಎಂಬ ಫ್ಲೆಮಿಶ್ ಶರೀರಶಾಸ್ತ್ರಜ್ಞನು ಗ್ರೀಕರ ವೀರನ ಹೆಸರಿನಿಂದ ಇದನ್ನು ‘ಅಕಿಲೀಸನ ರಜ್ಜು’ ಎಂದು ಕರೆದನು. ಓಡುವಾಗ ಇದರ ಮೇಲೆ ದೇಹತೂಕದ ಸುಮಾರು ಹನ್ನೆರಡು ಪಟ್ಟು ಎಳೆತ ಬೀಳುವುದನ್ನು ಫಿನ್ಲೆಂಡಿನ ಸಂಶೋಧಕರು ಅಳೆದಿದ್ದಾರೆ. ಅಂದರೆ ೬೦ ಕಿಲೋ ತೂಕದವನ ಹಿಮ್ಮಡಿಯ ಹುರಿ, ಹೆಜ್ಜೆ ಹೆಜ್ಜೆಗೂ ೭೦೦ ಕಿಲೋ ತೂಗಿದಷ್ಟು ಎಳೆತವನ್ನು ತಡೆಯುತ್ತದೆ. ತಡೆಯುವುದಷ್ಟೇ ಅಲ್ಲ, ಉಳಿತಾಯವನ್ನೂ ಮಾಡುತ್ತದೆ. ಕಾಲು ನೆಲಕ್ಕೆ ತಗಲಿದಾಗ ಹಿಗ್ಗಿ ಶಕ್ತಿಯನ್ನು ಕೂಡಿಟ್ಟುಕೊಂಡು, ಎತ್ತುವಾಗ ನೂರರಲ್ಲಿ ತೊಂಬತ್ತು ಪಾಲಿಗೂ ಹೆಚ್ಚಾಗಿ ಹಿಂದಕ್ಕೆ ಕೊಡುತ್ತದೆ. ಕಾಂಗರೂ ಕುಪ್ಪಳಿಸುವಾಗ ವೇಗ ಹೆಚ್ಚಿದರೂ ಉಸಿರಿನ ಖರ್ಚು ಅಷ್ಟಾಗಿ ಹೆಚ್ಚುವುದಿಲ್ಲವೆಂದು ೧೯೭೩ರಲ್ಲಿ ತೋರಿಸಿಕೊಟ್ಟರು. ಇದಕ್ಕೆ ಅದರ ಕಾಲಿನ ಉದ್ದನೆಯ ರಜ್ಜುಗಳೇ ಮುಖ್ಯ ಕಾರಣವೆಂದು ತಿಳಿಯಲಾಗಿದೆ.

ಇಲ್ಲಿಯವರೆಗೆ ಹೇಳಿದ್ದರಿಂದ ರಜ್ಜುವನ್ನು ನಿರ್ಜೀವವಾದ ಹಗ್ಗವೆಂದು ಎಣಿಸುವ ಸಂಭವವಿದೆ. ಅದು ಹಾಗಲ್ಲ. ಆದರೆ ಅದರ ಜೀವನ ಬಹು ನಿಧಾನ. ಇದೇ ಈ ಭಾಷಣದ ಮುಖ್ಯ ಮಾತು: ಮಾಂಸಖಂಡದ ಪಂಚಾಂಗ ಬೇರೆ, ರಜ್ಜುವಿನ ಪಂಚಾಂಗ ಬೇರೆ.

ಇದಕ್ಕೆ ವಿಚಿತ್ರವಾದ ಒಂದು ಸಾಕ್ಷ್ಯ ದೊರೆತಿದೆ. ೧೯೫೫ರಿಂದ ೧೯೬೩ರವರೆಗೆ ದೊಡ್ಡ ರಾಷ್ಟ್ರಗಳು ಬಯಲಿನಲ್ಲಿ ಪರಮಾಣು ಬಾಂಬುಗಳನ್ನು ಸಿಡಿಸಿ ಪರೀಕ್ಷಿಸುತ್ತಿದ್ದುವು. ಅದರಿಂದ ಗಾಳಿಯಲ್ಲಿ ವಿಕಿರಣಶೀಲವಾದ ಇಂಗಾಲವು ಹೆಚ್ಚಿ, ಗಿಡಗಳ ಮೂಲಕ ಆಹಾರಕ್ಕೂ, ಆಹಾರದ ಮೂಲಕ ಜನರ ದೇಹಕ್ಕೂ ಸೇರಿತು. ೧೯೬೩ರ ಒಪ್ಪಂದದಿಂದ ಆ ಪರೀಕ್ಷೆಗಳು ಬಹುಮಟ್ಟಿಗೆ ನಿಂತಮೇಲೆ ಅದು ವರ್ಷ ವರ್ಷಕ್ಕೂ ಕಡಮೆಯಾಗುತ್ತ ಬಂದಿತು. ದೇಹದ ಒಂದು ಭಾಗದಲ್ಲಿ ಈ ಇಂಗಾಲವು ಎಷ್ಟಿದೆಯೆಂದು ಅಳೆದರೆ, ಆ ಭಾಗವು ಯಾವ ವರ್ಷದಲ್ಲಿ ಕಟ್ಟಲ್ಪಟ್ಟಿತೆಂದು ಹೇಳಬಹುದು. ಡೆನ್ಮಾರ್ಕಿನಲ್ಲಿ ಹೈನೆಮೈಯರ್ ಮತ್ತು ಅವರ ಸಂಗಡಿಗರು ಮೃತದೇಹಗಳ ಹಿಮ್ಮಡಿಯ ರಜ್ಜುಗಳನ್ನು ಹೀಗೆ ಅಳೆದು ೨೦೧೩ರಲ್ಲಿ ಫಲವನ್ನು ಪ್ರಕಟಿಸಿದರು. ರಜ್ಜುವಿನ ತಿರುಳಿನಲ್ಲಿದ್ದದ್ದು ಆ ಮನುಷ್ಯನ ಬಾಲ್ಯದ ಮತ್ತು ತಾರುಣ್ಯದ ಇಂಗಾಲ. ಸುಮಾರು ೧೭ ವರ್ಷ ವಯಸ್ಸಾದ ಮೇಲೆ ಆ ತಿರುಳು ಹೆಚ್ಚು ಕಡಮೆ ಹೊಸದಾಗುವುದೇ ಇಲ್ಲ. ಅದೇ ಜನರ ಮಾಂಸಖಂಡವಾದರೋ ಸದಾ ಹೊಸದಾಗುತ್ತಲೇ ಇದ್ದಿತು. ನಾವು ಇಂದು ನಡೆದಾಡುತ್ತಿರುವುದು ಶಾಲೆಯ ದಿನಗಳಲ್ಲಿ ಹೊಸೆದಿಟ್ಟ ಹಗ್ಗದ ಮೇಲೆ.

ಹಾಗಾದರೆ ದೊಡ್ಡವರಾದ ಮೇಲೆ ರಜ್ಜುವಿಗೆ ಮಾರ್ಪಾಡೇ ಇಲ್ಲವೋ? ಇದೆ. ಅದರ ಕೋಶಗಳು ಎಳೆತವನ್ನು ಗುರುತಿಸಬಲ್ಲವು. ಭಾರವಾದ ವ್ಯಾಯಾಮವನ್ನು ಕ್ರಮವಾಗಿ ಮೂರು ತಿಂಗಳೋ ಅದಕ್ಕಿಂತ ಹೆಚ್ಚಾಗಿಯೋ ಮಾಡಿದವರಲ್ಲಿ ರಜ್ಜುವು ಬಿಗಿಯಾಗುತ್ತದೆ. ಕೆಲಸವಿಲ್ಲದೆ ಬಿಟ್ಟರೆ ಸಡಿಲವಾಗುತ್ತದೆ: ಆರೋಗ್ಯವಂತರನ್ನು ೯೦ ದಿನ ಹಾಸಿಗೆಯಲ್ಲಿಯೇ ಮಲಗಿಸಿ ಮಾಡಿದ ಒಂದು ಪರೀಕ್ಷೆಯಲ್ಲಿ, ವ್ಯಾಯಾಮವಿಲ್ಲದವರ ರಜ್ಜುವಿನ ಬಿಗಿ ಅರ್ಧಕ್ಕಿಂತ ಕೆಳಗಿಳಿಯಿತು. ಇನ್ನೊಂದು ಸಂಗತಿಯೂ ಗಮನಾರ್ಹ. ಶ್ರಮದ ವ್ಯಾಯಾಮವಾದ ಮೊದಲ ಒಂದು ದಿನ, ಒಂದೂವರೆ ದಿನ ರಜ್ಜುವಿನಲ್ಲಿ ಕಟ್ಟುವುದಕ್ಕಿಂತ ಕೆಡಹುವುದೇ ಹೆಚ್ಚು. ಆಮೇಲೆ ಕಟ್ಟುವುದು ಮೇಲುಗೈಯಾಗುತ್ತದೆ. ಗೋಡೆಯನ್ನು ಕೆಡಹಿದ ಹೊತ್ತಿನಲ್ಲಿಯೇ ಮತ್ತೆ ಭಾರ ಹೇರಿದರೆ ಏನಾಗುವುದೆಂದು ಹೇಳಬೇಕಾಗಿಲ್ಲ. ಆದಕಾರಣ ದುಡಿಮೆಯಷ್ಟೇ ನಡುವಣ ಬಿಡುವೂ ಅಗತ್ಯ.

ಅಪಾಯ ಹುಟ್ಟುವುದು ಈ ಎರಡು ಪಂಚಾಂಗಗಳ ವ್ಯತ್ಯಾಸದಲ್ಲಿಯೇ. ಹೊಸದಾಗಿ ವ್ಯಾಯಾಮಕ್ಕೆ ತೊಡಗಿದವನ ಮಾಂಸಖಂಡವು ಕೆಲವೇ ವಾರಗಳಲ್ಲಿ ಬಲಿಯುತ್ತದೆ. ಉತ್ಸಾಹವು ಅದಕ್ಕಿಂತ ಮೊದಲೇ ಬಲಿಯುತ್ತದೆ. ರಜ್ಜುವು ಇನ್ನೂ ಹಿಂದೆ ಉಳಿದಿರುತ್ತದೆ. ಬಲವಾದ ಎತ್ತುಗಳು, ಹಳೆಯ ಹಗ್ಗ! ಹಿಮ್ಮಡಿಯ ರಜ್ಜು ಹರಿಯುವುದು ಹೆಚ್ಚಾಗಿ ಮೂವತ್ತರಿಂದ ಐವತ್ತರ ನಡುವಣ ಗಂಡಸರಲ್ಲಿ, ಅದೂ ವಾರಕ್ಕೊಮ್ಮೆ ಆಡುವವರಲ್ಲಿ. ಹರಿಯುವ ಜಾಗವೂ ಸಾಮಾನ್ಯವಾಗಿ ಒಂದೇ: ಹಿಮ್ಮಡಿಯ ಮೂಳೆಯಿಂದ ಒಂದರಿಂದ ಎರಡೂವರೆ ಅಂಗುಲ ಮೇಲೆ. ಅಲ್ಲಿ ರಕ್ತದ ಸರಬರಾಜು ಕಡಮೆ.

ಒಮ್ಮೆಗೇ ಹರಿಯುವುದು ಒಂದು ಬಗೆಯ ಕೇಡು. ಮೆಲ್ಲಮೆಲ್ಲನೆ ಜೀರ್ಣವಾಗುವುದು ಇನ್ನೊಂದು ಬಗೆ. ಬೆಳಗ್ಗೆ ಎದ್ದು ಮೊದಲ ಹೆಜ್ಜೆಯಿಟ್ಟಾಗ ಹಿಮ್ಮಡಿಯ ಹಿಂದೆ ಬಿಗಿದು ನೋಯುವುದು, ನಾಲ್ಕು ಹೆಜ್ಜೆ ನಡೆದರೆ ಸಡಿಲವಾಗುವುದು ಇದರ ಗುರುತು. ಇದನ್ನು ಬಹುಕಾಲ ಉರಿಯೂತವೆಂದು ತಿಳಿದಿದ್ದರು. ಆದರೆ ಇಂತಹ ರಜ್ಜುವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಉರಿಯೂತದ ಕೋಶಗಳು ಹೆಚ್ಚಾಗಿ ಸಿಕ್ಕಲಿಲ್ಲ. ಸಿಕ್ಕಿದ್ದು ಅಸ್ತವ್ಯಸ್ತವಾದ ನಾರುಗಳು ಮತ್ತು ಗುರಿಯಿಲ್ಲದೆ ಹಬ್ಬಿದ ಸಣ್ಣ ರಕ್ತನಾಳಗಳು. ಉರಿಯನ್ನು ಆರಿಸುವ ಔಷಧಿಗಳು ನೋವನ್ನು ಮರೆಸಿದರೂ ರಜ್ಜುವನ್ನು ಸರಿಪಡಿಸದಿರುವುದಕ್ಕೆ ಇದೇ ಕಾರಣ. ಮೊಳಕೈಯ ಹೊರಮಗ್ಗುಲಿನ ಇಂತಹ ನೋವಿಗೆ ಸ್ಟೀರಾಯ್ಡ್ ಚುಚ್ಚುಮದ್ದನ್ನು ಕೊಟ್ಟು ನಡೆಸಿದ ಪರೀಕ್ಷೆಗಳಲ್ಲಿ, ಚುಚ್ಚಿಸಿಕೊಂಡವರಿಗೆ ಮೊದಲ ವಾರಗಳಲ್ಲಿ ಬಹಳ ಸುಖವಾಗಿ, ವರ್ಷದ ಕೊನೆಯ ವೇಳೆಗೆ ಅವರ ಸ್ಥಿತಿಯು ಚುಚ್ಚಿಸಿಕೊಳ್ಳದವರಿಗಿಂತ ಕೆಟ್ಟದಾಗಿದ್ದುದು ಕಂಡುಬಂದಿದೆ. ಸಿಪ್ರೊಫ್ಲಾಕ್ಸಸಿನ್ ಮೊದಲಾದ ಒಂದು ಗುಂಪಿನ ಸೋಂಕುಮದ್ದುಗಳು ರಜ್ಜುವನ್ನು ಹರಿಸುವ ಸಂಭವವುಂಟೆಂದು ಅಮೆರಿಕದ ಔಷಧಿ ನಿಯಂತ್ರಕರು ೨೦೦೮ರಲ್ಲಿ ಅವುಗಳ ಮೇಲೆ ವಿಶೇಷವಾದ ಎಚ್ಚರಿಕೆಯನ್ನು ಅಚ್ಚುಹಾಕಿಸಿದರು. ಅವನ್ನು ತೆಗೆದುಕೊಳ್ಳುವಾಗ ಹಿಮ್ಮಡಿ ನೋಯತೊಡಗಿದರೆ ವೈದ್ಯರಿಗೆ ಕೂಡಲೇ ತಿಳಿಸತಕ್ಕದ್ದು.

ಇನ್ನು ಹರಿದದ್ದು ಮಾಗುವ ವಿಚಾರ. ೧೭೬೭ರಲ್ಲಿ ಲಂಡನ್ನಿನ ಹೆಸರಾಂತ ಶಸ್ತ್ರವೈದ್ಯನಾದ ಜಾನ್ ಹಂಟರನು ಕುಣಿಯುತ್ತಿದ್ದಾಗ ಅವನ ಹಿಮ್ಮಡಿಯ ರಜ್ಜುವೇ ಹರಿಯಿತು. ಅವನು ಹಾಸಿಗೆ ಹಿಡಿಯದೆ, ಹಿಮ್ಮಡಿಯನ್ನು ಎತ್ತರಿಸಿ ಪಟ್ಟಿ ಕಟ್ಟಿಕೊಂಡು ಗುಣಹೊಂದಿದನು. ಆಮೇಲೆ ನಾಯಿಗಳ ರಜ್ಜುಗಳನ್ನು ಕೊಯ್ದು, ಬೇರೆ ಬೇರೆ ಅವಧಿಗಳಲ್ಲಿ ತೆಗೆದು ನೋಡಿ, ಅವು ಕೂಡಿಕೊಳ್ಳುವ ಬಗೆಯನ್ನು ಅರಸಿದನು. ಈಗ ನಮಗೆ ತಿಳಿದಿರುವಂತೆ ಇದರಲ್ಲಿ ಮೂರು ಘಟ್ಟಗಳಿವೆ. ಮೊದಲ ಕೆಲವು ದಿನ ರಕ್ತ ಹೆಪ್ಪುಗಟ್ಟಿ, ಸತ್ತದ್ದನ್ನು ತೆಗೆದುಹಾಕುವ ಕೋಶಗಳು ಬಂದು ಸೇರುತ್ತವೆ. ಮುಂದಿನ ಕೆಲವು ವಾರ ಹೊಸ ಕೊಲಾಜೆನ್ನು ಹುಟ್ಟುತ್ತದೆ. ಆದರೆ ಇದು ಸಣ್ಣ ಎಳೆಯ, ಬಲವಿಲ್ಲದ ಜಾತಿಯದು, ದಿಕ್ಕುದೆಸೆಯಿಲ್ಲದೆ ಹರಡಿರತಕ್ಕದ್ದು. ಆಮೇಲೆ ಹಲವು ತಿಂಗಳು, ಒಮ್ಮೊಮ್ಮೆ ವರ್ಷಕ್ಕೂ ಮೇಲೆ, ಆ ಎಳೆಗಳು ಎಳೆತದ ದಿಕ್ಕಿಗೆ ಸಾಲುಗೂಡಿ ಬಲಗೊಳ್ಳುತ್ತವೆ. ಮೊದಲಿನ ಹಗ್ಗದಂತೆಯೇ ಆಗುವುದೆಂದು ಹೇಳಲಾಗದು; ಕೆಲಸಕ್ಕೆ ಬರುವಷ್ಟು ಗಟ್ಟಿಯಾದ ಗಂಟು ಬೀಳುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಎಳೆಗಳು ಎಳೆತದ ದಿಕ್ಕಿಗೆ ಸಾಲುಗೂಡಬೇಕಾದರೆ ಎಳೆತವಿರಬೇಕು. ಈ ಸತ್ಯವನ್ನು ಕೈಯ ಶಸ್ತ್ರವೈದ್ಯರು ಕಷ್ಟಪಟ್ಟು ಕಲಿತರು. ಬೆರಳನ್ನು ಮಡಿಸುವ ರಜ್ಜುಗಳು ಇಕ್ಕಟ್ಟಾದ ಒಂದು ಕೊಳವೆಯಲ್ಲಿ ಜಾರುತ್ತವೆ. ಈಳಿಗೆಯಿಂದಲೋ ಗಾಜಿನಿಂದಲೋ ಅಲ್ಲಿ ಕೊಯ್ದರೆ, ಹೊಲಿದ ರಜ್ಜು ಕೊಳವೆಗೇ ಅಂಟಿಕೊಂಡು ಬೆರಳು ಸೆಟೆದುಹೋಗುತ್ತಿದ್ದಿತು. ಅಮೆರಿಕದ ಬನ್ನೆಲ್ ಎಂಬ ಶಸ್ತ್ರವೈದ್ಯನು ಆ ಭಾಗಕ್ಕೆ ‘ಯಾರಿಗೂ ಸೇರದ ನೆಲ’ ಎಂದು ಹೆಸರಿಟ್ಟು, ಅಲ್ಲಿ ಕೂಡಲೇ ಹೊಲಿಯಬಾರದೆಂದನು. ೧೯೬೭ರಲ್ಲಿ ಕ್ಲೈನರ್ಟ್ ಎಂಬವರು ಅಲ್ಲಿಯೇ ಹೊಲಿದು, ಬೆರಳಿನ ಉಗುರಿಗೆ ರಬ್ಬರ್ ಪಟ್ಟಿಯನ್ನು ಕಟ್ಟಿ, ಮೊದಲಿನಿಂದಲೇ ಹದವಾಗಿ ಆಡಿಸಿ ಒಳ್ಳೆಯ ಫಲವನ್ನು ತೋರಿಸಿದರು. ಕೇಳಿದವರು ಮೊದಲು ನಂಬಲಿಲ್ಲ. ಇಂದು ಹೊಲಿದ ಬೆರಳನ್ನು ಕಾಪಾಡುತ್ತ ಬೇಗನೆ ಆಡಿಸುವುದೇ ಸಾಮಾನ್ಯ ಪದ್ಧತಿ.

ಹರಿಯದೆ ಜೀರ್ಣವಾದ ರಜ್ಜುವಿನ ಕಥೆಯೂ ಇಂತಹುದೇ. ಸ್ವೀಡನ್ನಿನ ಆಲ್ಫ್ರೆಡ್ಸನ್ ಎಂಬ ಶಸ್ತ್ರವೈದ್ಯರಿಗೆ ಹಿಮ್ಮಡಿಯ ನೋವು ಹತ್ತಿಕೊಂಡಿತು. ಅವರೇ ಹೇಳಿಕೊಂಡಿರುವಂತೆ, ಶಸ್ತ್ರಚಿಕಿತ್ಸೆ ಮಾಡಿರೆಂದು ಕೇಳಿದಾಗ ಮೇಲಿನವರು ಒಪ್ಪಲಿಲ್ಲ. ಹಾಗಾದರೆ ಇದನ್ನು ಹರಿಸಿಯೇ ಬಿಡೋಣ, ಆಗ ಹೊಲಿಯಲೇಬೇಕಾಗುವುದು ಎಂದು ಹಟ ಹಿಡಿದು, ಮೆಟ್ಟಿಲಿನ ಅಂಚಿನಲ್ಲಿ ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ಕೆಳಕ್ಕಿಳಿಸುವ ವ್ಯಾಯಾಮವನ್ನು ಭಾರ ಹೊತ್ತು ಮಾಡಿದರು. ರಜ್ಜು ಹರಿಯಲಿಲ್ಲ, ನೋವೇ ಹೋಯಿತು. ೧೯೯೮ರಲ್ಲಿ ಅವರು ಇದೇ ವ್ಯಾಯಾಮವನ್ನು ೧೫ ಮಂದಿ ಓಟಗಾರರಿಂದ ದಿನಕ್ಕೆರಡು ಬಾರಿಯಂತೆ ೧೨ ವಾರ ಮಾಡಿಸಿದ್ದನ್ನು ಪ್ರಕಟಿಸಿದರು. ಹದಿನೈದು ಮಂದಿಯೂ ಓಟಕ್ಕೆ ಹಿಂದಿರುಗಿದರು. ಮುಂದಿನ ಪರೀಕ್ಷೆಗಳಲ್ಲಿ ಎಲ್ಲರಿಗೂ ಅಷ್ಟು ಚೆನ್ನಾದ ಫಲ ದೊರೆಯಲಿಲ್ಲ. ಆದರೂ ಕ್ರಮವಾಗಿ ಭಾರ ಹೊರಿಸುವುದೇ ಇದರ ಮೊದಲ ಚಿಕಿತ್ಸೆಯೆಂಬ ಮಾತು ನಿಂತಿದೆ. ಇದು ಜೀರ್ಣವಾದ ರಜ್ಜುವಿಗೆ ಹೇಳಿದ ಮಾತು. ಹರಿದ ರಜ್ಜುವಿನ ಮೇಲೆ ಯಾರೂ ಇದನ್ನು ಪ್ರಯೋಗಿಸಬಾರದು.

ಹರಿದ ಹಿಮ್ಮಡಿಯನ್ನು ಹೊಲಿಯಬೇಕೋ ಬೇಡವೋ ಎಂಬ ಚರ್ಚೆ ಹಳೆಯದು. ನಾರ್ವೆಯಲ್ಲಿ ೫೨೬ ರೋಗಿಗಳ ಮೇಲೆ ನಡೆದು ೨೦೨೨ರಲ್ಲಿ ಪ್ರಕಟವಾದ ಪರೀಕ್ಷೆಯಂತೆ, ವರ್ಷದ ಕೊನೆಯಲ್ಲಿ ಹೊಲಿಸಿಕೊಂಡವರಿಗೂ ಹೊಲಿಸಿಕೊಳ್ಳದವರಿಗೂ ಕಾಲಿನ ಕೆಲಸದಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಹೊಲಿಸಿಕೊಳ್ಳದವರಲ್ಲಿ ನೂರಕ್ಕೆ ಆರು ಮಂದಿಗೆ ಮತ್ತೆ ಹರಿಯಿತು. ಹೊಲಿಸಿಕೊಂಡವರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಮೆ. ಅದಕ್ಕೆ ಪ್ರತಿಯಾಗಿ ಹೊಲಿಸಿಕೊಂಡವರಲ್ಲಿ ನರಕ್ಕೆ ಪೆಟ್ಟಾದವರು ಹೆಚ್ಚು. ಯಾವ ಮಾರ್ಗವಾದರೂ ಸರಿಯೆ, ಬೇಗನೆ ಗುರುತಿಸುವುದು ಮುಖ್ಯ. ವಾರಗಳು ಕಳೆದಂತೆ ಹರಿದ ತುದಿಗಳು ದೂರಸರಿದು, ಎರಡು ಮಾರ್ಗಗಳೂ ಕಷ್ಟವಾಗುತ್ತವೆ.

ನಮ್ಮ ಸ್ನೇಹಿತರಿಗೆ ಆದದ್ದೂ ಅದೇ. ಮೂರು ವಾರ ಎಣ್ಣೆ ನೀವಿದ ಫಲವಾಗಿ ಅವರಿಗೆ ದೊಡ್ಡ ಶಸ್ತ್ರಚಿಕಿತ್ಸೆಯೇ ಬೇಕಾಯಿತು. ಹತ್ತನೆಯ ವಾರದಲ್ಲಿ ನೋವು ಇರಲಿಲ್ಲ. “ಇನ್ನು ಆಡಬಹುದಲ್ಲವೆ?” ಎಂದು ವೈದ್ಯರನ್ನು ಕೇಳಿದರು. “ನೋವು ಹೋದದ್ದು ನಿಮ್ಮ ಲೆಕ್ಕ, ಹುರಿ ಬಲಿತದ್ದು ಅದರ ಲೆಕ್ಕ. ಎರಡನೆಯದು ಇನ್ನೂ ತೀರಿಲ್ಲ” ಎಂದು ಉತ್ತರ ಬಂದಿತು. ಅಂದಿನಿಂದ ಅವರು ದಿನವೂ, ಹೇಳಿದಷ್ಟು ಮಾತ್ರ, ಹೇಳಿದ್ದಕ್ಕಿಂತ ಕಡಮೆಯಾಗದಂತೆ ಹಿಮ್ಮಡಿಯನ್ನು ಎತ್ತಿ ಇಳಿಸುತ್ತ ಬಂದರು. ಹದಿನಾಲ್ಕನೆಯ ತಿಂಗಳಲ್ಲಿ ಆ ಒಂದೇ ಕಾಲಿನ ತುದಿಬೆರಳ ಮೇಲೆ ನಿಂತು ನಮಗೆ ತೋರಿಸಿದರು. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಈಗ ಹತ್ತುತ್ತಾರೆ. ಚೆಂಡಾಟಕ್ಕೆ ಹೋಗುವ ಮುನ್ನ ವಾರದ ಉಳಿದ ದಿನಗಳಲ್ಲಿಯೂ ಕಾಲಿಗೆ ಕೆಲಸ ಕೊಡುತ್ತಾರೆ.

ಶ್ರೋತೃಗಳಲ್ಲಿ ನಮ್ಮ ಬಿನ್ನಹವೂ ಇಷ್ಟೆ. ಹಿಂದಿನಿಂದ ಒದ್ದಂತಾಗಿ, ತಿರುಗಿ ನೋಡಿದಾಗ ಯಾರೂ ಇಲ್ಲದಿದ್ದರೆ, ಎಣ್ಣೆಯ ಬಟ್ಟಲನ್ನು ಹುಡುಕದೆ ಅಂದೇ ವೈದ್ಯರಲ್ಲಿಗೆ ಹೋಗಿ. ಹೊಸ ವ್ಯಾಯಾಮವನ್ನು ಕೈಗೊಂಡಾಗ ಮೈಯಲ್ಲಿ ಬಲ ಬಂದಿತೆಂದು ಹಿಗ್ಗದೆ, ಹಿಂದುಳಿದಿರುವ ರಜ್ಜುವಿಗಾಗಿ ಮೂರು ತಿಂಗಳು ಕಾಯಿರಿ. ಪೆಟ್ಟಾದ ರಜ್ಜುವನ್ನು ಪೂರ್ತಿ ಮಲಗಿಸಲೂ ಬೇಡಿ, ಅವಸರದಿಂದ ದುಡಿಸಲೂ ಬೇಡಿ. ಬಾಲ್ಯದಲ್ಲಿ ಹೊಸೆದ ಹಗ್ಗವನ್ನು ನಮಗೆ ಒಮ್ಮೆ ಮಾತ್ರ ಕೊಟ್ಟಿದೆ. ಅದನ್ನು ದಿನವೂ ಬಳಸಿ, ಹದವರಿತು ಬಳಸಿ.